ಶಿಕ್ಷೆಯ ವಿರುದ್ಧ ಮೇಲ್ಮನವಿ: ಹೊಸ ವೈದ್ಯಕೀಯ ಸಾಕ್ಷ್ಯ ಸೇರಿಸುವುದು ಹೇಗೆ

ಮಂಡ್ಯದ ಮ್ಯಾಜಿಸ್ಟ್ರೇಟ್ ಕೋರ್ಟು ಶಿಕ್ಷೆ ವಿಧಿಸಿದ್ದರೆ ಮೇಲ್ಮನವಿ ಅಲ್ಲಿನ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಸೆಷನ್ಸ್ ಕೋರ್ಟೇ ವಿಧಿಸಿದ್ದರೆ ಹೈಕೋರ್ಟಿಗೆ, 60 ದಿನದೊಳಗೆ.

ಹೊಸ ವೈದ್ಯಕೀಯ ವರದಿಯನ್ನು ಮೇಲ್ಮನವಿಗೆ ಸುಮ್ಮನೆ ಲಗತ್ತಿಸಿದರೆ ಅದು ಸಾಕ್ಷ್ಯವಾಗದು. ಕ್ರಿಮಿನಲ್ ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 432ರಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 391) ಪ್ರತ್ಯೇಕ ಅರ್ಜಿ ಹಾಕಿ, ಅಫಿಡವಿಟ್ ಜೊತೆಗಿರಲಿ. ಇಂಥ ಅರ್ಜಿಗಳು ಎಡವುವುದು ಹೆಚ್ಚಾಗಿ ಒಂದೇ ಪ್ರಶ್ನೆಗೆ: ವಿಚಾರಣೆ ವೇಳೆಯೇ ಏಕೆ ಹಾಜರುಪಡಿಸಲಿಲ್ಲ? ಕಾಯಿಲೆ ಪತ್ತೆಯಾದ ದಿನ, ದಾಖಲೆ ಕೈಸೇರಿದ ದಿನ ಎರಡನ್ನೂ ಬರೆಯಿರಿ. ‘ಆಗ ತೋಚಲಿಲ್ಲ’ ಎಂದರೆ ನಡೆಯದು.

ಆಸ್ಪತ್ರೆಯ ರೆಕಾರ್ಡ್ ವಿಭಾಗದಿಂದ ಕೇಸ್ ಶೀಟಿನ ದೃಢೀಕೃತ ಪ್ರತಿ ಪಡೆಯಿರಿ. ಬರೀ ಜೆರಾಕ್ಸ್ ನೆಚ್ಚಬೇಡಿ. ಅರ್ಜಿ ಒಪ್ಪಿಗೆಯಾದರೆ ವೈದ್ಯರು ಸಾಕ್ಷಿ ನುಡಿದು ಪಾಟೀಸವಾಲು ಎದುರಿಸಬೇಕಾದೀತು. ಅದಕ್ಕೆ ಅವರನ್ನು ಮೊದಲೇ ಕೇಳಿಕೊಳ್ಳಿ.

ಚಿಕಿತ್ಸೆಗಾಗಿ ಜೈಲಿನಿಂದ ಹೊರಬರುವುದಷ್ಟೇ ಉದ್ದೇಶವೇ? ಹಾಗಾದರೆ ಬಿಎನ್‌ಎಸ್‌ಎಸ್ ಕಲಂ 430ರಡಿ ಶಿಕ್ಷೆ ಅಮಾನತಿಗೆ ಕೋರಿ.