ಸಿಂಗಪುರದಲ್ಲಿ ಬಾಡಿಗೆ ಮನೆ: ಬಳ್ಳಾರಿಯಿಂದ ಬರುವವರು ಮೊದಲು ನೋಡಬೇಕಾದ್ದು ಸ್ಟೇಷನ್

ಬಳ್ಳಾರಿಯಲ್ಲಿ ಬಾಡಿಗೆ ಮನೆ ನೋಡುವಾಗ ನಾವು ಕೇಳುವುದು ಎರಡೇ: ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೈಕ್ ನಿಲ್ಲಿಸೋಕೆ ಜಾಗ ಇದೆಯಾ? ಸಿಂಗಪುರದಲ್ಲಿ ಎರಡನ್ನೂ ಬಿಡಿ. ಎಂಆರ್‌ಟಿ, ಅಂದರೆ ಇಲ್ಲಿನ ಮೆಟ್ರೊ ರೈಲಿನ ಸ್ಟೇಷನ್‌ಗೆ ಎಷ್ಟು ನಿಮಿಷದ ನಡಿಗೆ ಅಂತ ಕೇಳಿ.

ಇಲ್ಲಿ ಮನೆ, ರೈಲು, ಬಸ್ಸು ಮೂರನ್ನೂ ಒಟ್ಟಿಗೇ ಯೋಚಿಸುತ್ತಾರೆ. ಹತ್ತು ನಿವಾಸಿಗಳಲ್ಲಿ ಸುಮಾರು ಎಂಟು ಮಂದಿ ಇರುವುದು ಎಚ್‌ಡಿಬಿ ಫ್ಲ್ಯಾಟ್‌ಗಳಲ್ಲಿ. 1960ರಲ್ಲಿ ಶುರುವಾದ ಸರ್ಕಾರಿ ವಸತಿ ಮಂಡಳಿ ಇದು. ಸರ್ಕಾರಿ ಮನೆ ಅಂತ ಮೂಗು ಮುರಿಯಬೇಡಿ. ಅಂಗಡಿ, ಶಾಲೆ, ಅಗ್ಗದ ಊಟದ ಹಾಕರ್ ಸೆಂಟರ್ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಬಹಳ ಕಡೆ ಸ್ಟೇಷನ್‌ವರೆಗೆ ಚಾವಣಿ ಹಾಕಿದ ಕಾಲುದಾರಿ. ಜೋರು ಮಳೆಯಲ್ಲೂ ವಯಸ್ಸಾದ ಅಜ್ಜಿ ಕೊಡೆ ಬಿಚ್ಚದೆ ತರಕಾರಿ ಗಾಡಿ ಎಳೆದುಕೊಂಡು ಹೋಗ್ತಾರೆ. ಆಗೆಲ್ಲ ನನಗೆ ಬಳ್ಳಾರಿಯ ರಾಯಲ್ ಸರ್ಕಲ್‌ನ ಮಟಮಟ ಮಧ್ಯಾಹ್ನ ನೆನಪಾಗುತ್ತೆ. ಇಂಥ ನೆರಳು ನಮ್ಮ ಊರಿಗೇ ಜಾಸ್ತಿ ಬೇಕು, ಅಲ್ವಾ?

ಕಾರಿನ ಆಸೆ ಸದ್ಯಕ್ಕೆ ಬೇಡ. ಕಾರು ಇಟ್ಟುಕೊಳ್ಳಲು ಹರಾಜಿನಲ್ಲಿ ಸಿಒಇ ಎಂಬ ಪರವಾನಗಿ ಕೊಳ್ಳಬೇಕು. 1990ರಿಂದ ಇರುವ ಪದ್ಧತಿ. ಒಂದು ಪರವಾನಗಿ ಹತ್ತು ವರ್ಷ ಮಾತ್ರ ನಡೆಯುತ್ತೆ. ಸಣ್ಣ ಕಾರಿಗೂ ಇದರ ಬೆಲೆ ಲಕ್ಷ ಸಿಂಗಪುರ ಡಾಲರ್ ದಾಟಿದ್ದುಂಟು. ರಸ್ತೆ ತುಂಬಿ ಹೋಗಬಾರದು ಅಂತಲೇ ಈ ಬಿಗಿ. ನನಗಂತೂ ಇದು ಸರಿ ಅನಿಸುತ್ತದೆ.

ಬಸ್ಸಿನಲ್ಲಿ ಹತ್ತುವಾಗ ಕಾರ್ಡ್ ತಾಗಿಸಿ, ಇಳಿಯುವಾಗಲೂ ತಾಗಿಸಿ. ಮರೆತರೆ ಕೊನೆಯ ನಿಲ್ದಾಣದವರೆಗಿನ ದುಡ್ಡು ಹೋಗುತ್ತೆ. ಬಸ್ಸಿಳಿದು ರೈಲು ಹತ್ತಿದರೆ ಹೊಸದಾಗಿ ಟಿಕೆಟ್ ಇಲ್ಲ. 45 ನಿಮಿಷದೊಳಗೆ ಬದಲಿಸಿದರೆ ಒಟ್ಟು ದೂರಕ್ಕೆ ಲೆಕ್ಕ. ಹಾಗಾಗಿ ಸ್ಟೇಷನ್ ಸ್ವಲ್ಪ ದೂರ ಇದ್ದು, ಮನೆ ಮುಂದೆ ಬಸ್ಸಿದ್ದರೂ ನಷ್ಟವಿಲ್ಲ.

ಈಗ ಒಪ್ಪಂದ. ಎಚ್‌ಡಿಬಿ ಮನೆಯನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಪೂರ್ತಿ ಮನೆ ಹಿಡಿಯುವುದಾದರೆ ಇನ್ನೊಂದು ತೊಡಕಿದೆ. ಮಲೇಷ್ಯಾದವರನ್ನು ಬಿಟ್ಟು ಬೇರೆ ವಿದೇಶಿಯರಿಗೆ ಒಂದು ಬಡಾವಣೆಯಲ್ಲಿ ಶೇ. 8, ಒಂದು ಬ್ಲಾಕ್‌ನಲ್ಲಿ (ಕಟ್ಟಡದಲ್ಲಿ) ಶೇ. 11 ಮನೆಗಳು ಮಾತ್ರ ಅಂತ ಮಿತಿ ಇದೆ. ಅದು ತುಂಬಿದ್ದರೆ ಮನೆ ಎಷ್ಟು ಚೆನ್ನಾಗಿದ್ದರೂ ಸಿಗಲ್ಲ. ಎಚ್‌ಡಿಬಿ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಅಡ್ವಾನ್ಸ್ ಕೊಡಿ. ವರ್ಷದ ಒಪ್ಪಂದಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಎರಡು ವರ್ಷಕ್ಕೆ ಎರಡು ತಿಂಗಳದ್ದು. ಸ್ಟ್ಯಾಂಪ್ ಡ್ಯೂಟಿ ಬಾಡಿಗೆದಾರರೇ ಕಟ್ಟಬೇಕು, ಸಹಿ ಹಾಕಿದ 14 ದಿನದೊಳಗೆ. ಮನೆಮಾಲೀಕರು ಬೇಡ ಅಂದರೂ ಬಿಡಬೇಡಿ. ಮುಂದೆ ಅಡ್ವಾನ್ಸ್ ವಿಷಯಕ್ಕೆ ಜಗಳವಾದರೆ, ಸ್ಟ್ಯಾಂಪ್ ಆದ ಒಪ್ಪಂದವೇ ನಿಮ್ಮ ಕೈಯಲ್ಲಿರುವ ಸಾಕ್ಷಿ.