ಕಡಿಮೆ ಖರ್ಚಿನಲ್ಲಿ ಒಂದು ದಿನದ ಯಾರ್ಕ್: ಯಾವುದು ಮೊದಲು, ಯಾವುದು ಆಮೇಲೆ

ಇಂಗ್ಲೆಂಡಿನ ಯಾರ್ಕ್ ಸಣ್ಣ ಊರು. ಕೋಟೆಗೋಡೆಯೊಳಗಿನ ಹಳೇ ಪೇಟೆಯನ್ನು ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯೊಳಗೆ ನಡೆದು ದಾಟಬಹುದು. ಹಾಗಿದ್ದೂ ಮಧ್ಯಾಹ್ನ ಬಂದಿಳಿದವರಿಗೆ ಅರ್ಧ ಊರು ತಪ್ಪಿಹೋಗುತ್ತದೆ, ಏಕೆಂದರೆ ಇಲ್ಲಿ ಎಲ್ಲವೂ ಬೇಗ ಮುಚ್ಚುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಆಯ್ಕೆ ಇದ್ದರೆ ಮೇ, ಜೂನ್ ಅಥವಾ ಸೆಪ್ಟೆಂಬರಿನ ವಾರದ ದಿನ ಹೋಗಿ. ಆಗಸ್ಟಿನ ಕುದುರೆ ರೇಸ್ ಹಬ್ಬ ಮತ್ತು ಕ್ರಿಸ್‌ಮಸ್ ಸಂತೆಯ ವಾರಗಳಲ್ಲಿ ಹಾಸ್ಟೆಲ್ ಹಾಸಿಗೆಗೂ ಹೋಟೆಲ್ ದರ ಕೇಳುತ್ತಾರೆ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ, ಲೀಡ್ಸ್‌ನಿಂದ ಅರ್ಧ ಗಂಟೆಯೊಳಗೆ. 16ರಿಂದ 25 ವಯಸ್ಸಿನವರ ರೈಲ್‌ಕಾರ್ಡ್‌ಗೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿತ. ವಯಸ್ಸು ಮೀರಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅದೇ ಕಾರ್ಡ್ ಸಿಗುತ್ತದೆ. ಕರ್ನಾಟಕದಿಂದ ಮಾಸ್ಟರ್ಸ್ ಮಾಡಲು ಹೋದವರಲ್ಲಿ ಬಹಳಷ್ಟು ಮಂದಿ ಇದನ್ನು ಗಮನಿಸುವುದೇ ಇಲ್ಲ.

ಎಡವಟ್ಟಾಗುವುದು ಮೂರು ಕಡೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಹತ್ತರೊಳಗೆ ಹೊರಟರೆ ಈ ಕಾರ್ಡಿಗೆ 12 ಪೌಂಡಿನ ಕನಿಷ್ಠ ದರ ಅನ್ವಯಿಸುತ್ತದೆ (ಜುಲೈ, ಆಗಸ್ಟ್ ಬಿಟ್ಟು), ಹಾಗಾಗಿ ಲೀಡ್ಸ್‌ನಂಥ ಹತ್ತಿರದ ಊರಿನಿಂದ ಬರುವವರಿಗೆ ಕಡಿತ ಕರಗಿಹೋಗಬಹುದು. ಎರಡನೆಯದು, ಅಗ್ಗದ ಅಡ್ವಾನ್ಸ್ ಟಿಕೆಟ್ ಅದರಲ್ಲಿ ನಮೂದಾದ ರೈಲಿಗೆ ಮಾತ್ರ. ನಿಮ್ಮ ತಪ್ಪಿನಿಂದ ಅದು ತಪ್ಪಿದರೆ ಮುಂದಿನದನ್ನು ಹತ್ತುವಂತಿಲ್ಲ. ಒಂದೇ ಕಂಪನಿಯ ಹೆಸರಿರುವ ಟಿಕೆಟ್ ಹಿಡಿದು ಅದೇ ಪ್ಲಾಟ್‌ಫಾರ್ಮಿಗೆ ಬಂದ ಬೇರೆ ಕಂಪನಿಯ ರೈಲು ಹತ್ತಿದರೂ ದಂಡವೇ. ಮೂರನೆಯದು ಫೋನಿನ ಬ್ಯಾಟರಿ: ಫೋನಿನಲ್ಲಿರುವ ರೈಲ್‌ಕಾರ್ಡ್ ತೋರಿಸಲಾಗದಿದ್ದರೆ ಕಡಿತದ ಟಿಕೆಟ್ ಇದ್ದೂ ಇಲ್ಲದ ಹಾಗೆ. ಸಮಯಕ್ಕಿಂತ ಕಾಸು ಮುಖ್ಯವಾದವರಿಗೆ ಲೀಡ್ಸ್‌ನಿಂದ ಕೋಸ್ಟ್‌ಲೈನರ್ ಬಸ್ ಇದೆ, ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಒಂಬತ್ತರೊಳಗೆ ಇಳಿದರೆ ನೇರ ಶಾಂಬಲ್ಸ್‌ಗೆ ನಡೆಯಿರಿ, ಕಾಲುಗಂಟೆಯ ದಾರಿ. ಇದು ಹಿಂದೆ ಮಾಂಸದಂಗಡಿಗಳ ಬೀದಿ. ಮರದ ಚೌಕಟ್ಟಿನ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿ ಎದುರುಮನೆಯನ್ನು ಮುಟ್ಟುವಂತಿವೆ; ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಈಗಲೂ ಕೆಲವು ಗೋಡೆಗಳಲ್ಲಿವೆ. ಹತ್ತೂವರೆಯ ಮೇಲೆ ಇಲ್ಲಿ ಕಾಣುವುದು ಹ್ಯಾರಿ ಪಾಟರ್ ಮಂತ್ರದಂಡ ಮಾರುವ ಅಂಗಡಿಗಳ ಮುಂದಿನ ಕ್ಯೂ ಮಾತ್ರ.

ಅಲ್ಲಿಂದ ಎಕ್ಸಿಬಿಷನ್ ಸ್ಕ್ವೇರ್‌ಗೆ ಬನ್ನಿ. ಬೆಳಿಗ್ಗೆ 10:15ಕ್ಕೆ ಊರಿನ ಸ್ವಯಂಸೇವಕ ಗೈಡುಗಳು ಸುಮಾರು ಎರಡು ಗಂಟೆಯ ಉಚಿತ ಸುತ್ತಾಟಕ್ಕೆ ಕರೆದೊಯ್ಯುತ್ತಾರೆ. 1951ರಿಂದ ನಡೆದುಬಂದ ಪದ್ಧತಿ. ಟಿಪ್ಸ್ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕ್ರಿ.ಶ. 71ರಲ್ಲಿ ರೋಮನ್ನರು ಕಟ್ಟಿದ ದಂಡಿನ ನೆಲೆ, 866ರಲ್ಲಿ ಅದನ್ನು ಹಿಡಿದ ವೈಕಿಂಗರು, ಆಮೇಲಿನ ನಾರ್ಮನ್ನರು, ಇವರೆಲ್ಲರ ಕಲ್ಲುಗಳನ್ನು ಬೇರೆಬೇರೆಯಾಗಿ ಗುರುತಿಸಲು ಆ ಎರಡು ಗಂಟೆ ಸಾಕು. ಮ್ಯೂಸಿಯಂ ಗಾರ್ಡನ್ಸ್‌ನಲ್ಲಿರುವ ಮಲ್ಟ್ಯಾಂಗ್ಯುಲರ್ ಗೋಪುರ ನೋಡಿ: ಕೆಳಗಿನ ಸಣ್ಣ ಕಲ್ಲುಗಳು ರೋಮನ್ನರವು, ಮೇಲಿನ ದೊಡ್ಡವು ಮಧ್ಯಯುಗದವು.

ಕೋಟೆಗೋಡೆ ಹತ್ತುವುದಕ್ಕೂ ದುಡ್ಡಿಲ್ಲ. ಉದ್ದ ಸುಮಾರು 3.4 ಕಿ.ಮೀ., ಪೂರ್ತಿ ಸುತ್ತಲು ಎರಡು ಗಂಟೆ. ನಕ್ಷೆಯಲ್ಲಿ ‘ಬಾರ್’ ಎಂದಿರುವುದೆಲ್ಲ ಹೆಬ್ಬಾಗಿಲುಗಳು, ಮೆಟ್ಟಿಲು ಇರುವುದು ಅಲ್ಲಿಯೇ. ಸಮಯ ಕಡಿಮೆಯಿದ್ದರೆ ಬೂತಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ಭಾಗ ಒಂದೇ ಸಾಕು. ಮಿನ್‌ಸ್ಟರ್ ಚರ್ಚು ಇಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಕಾಣುವುದಿಲ್ಲ. ಪೂರ್ವ ದಿಕ್ಕಿನಲ್ಲಿ ಗೋಡೆ ಥಟ್ಟನೆ ನಿಂತುಹೋದರೆ ದಾರಿ ತಪ್ಪಿತೆಂದು ಗಾಬರಿಯಾಗಬೇಡಿ: ಅಲ್ಲಿ ಹಿಂದೆ ದೊಡ್ಡ ಕೆರೆಯಿತ್ತು, ನೀರೇ ಕಾವಲಾಗಿದ್ದರಿಂದ ಗೋಡೆ ಕಟ್ಟಲಿಲ್ಲ. ರಸ್ತೆಯಲ್ಲಿ ನಡೆದರೆ ರೆಡ್ ಟವರ್ ಬಳಿ ಮತ್ತೆ ಸಿಗುತ್ತದೆ. ಒಳಬದಿಗೆ ಹಲವೆಡೆ ಕಂಬಿಯಿಲ್ಲ, ಮಳೆಯಾದರೆ ಕಲ್ಲು ಜಾರುತ್ತದೆ. ಹಿಮ ಬಿದ್ದ ದಿನ ಬಾಗಿಲು ತೆರೆಯುವುದಿಲ್ಲ, ಕತ್ತಲಾಗುತ್ತಿದ್ದಂತೆ ಬೀಗ.

ದುಡ್ಡು ಕೊಟ್ಟು ನೋಡಬೇಕಾದದ್ದು ಒಂದೇ ಎಂದರೆ ಅದು ಮಿನ್‌ಸ್ಟರ್. ಟಿಕೆಟ್ 20 ಪೌಂಡ್ ಆಸುಪಾಸು, ವಿದ್ಯಾರ್ಥಿ ಗುರುತಿನ ಚೀಟಿಗೆ ರಿಯಾಯಿತಿ. ಈಗಿನ ಕಟ್ಟಡದ ಕೆಲಸ 1220ರ ಸುಮಾರಿಗೆ ಶುರುವಾಗಿ 1472ರಲ್ಲಿ ಮುಗಿಯಿತು. ಪೂರ್ವದ ಮಹಾ ಕಿಟಕಿಯ ಬಣ್ಣದ ಗಾಜನ್ನು ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮುಗಿಸಿಕೊಟ್ಟ. ಸೃಷ್ಟಿಯಿಂದ ಪ್ರಳಯದವರೆಗಿನ ಬೈಬಲ್ ಕಥೆ ಅದರಲ್ಲಿದೆ. ಚೌಕಗಳು ಬಹಳ ಎತ್ತರದಲ್ಲಿರುವುದರಿಂದ ಫೋನ್ ಕ್ಯಾಮೆರಾದ ಜೂಮ್ ಬಳಸಿ ನೋಡಿ. ನಡುಗೋಪುರಕ್ಕೆ ಪ್ರತ್ಯೇಕ ಟಿಕೆಟ್, ನಿಗದಿತ ಸಮಯ, 275 ಮೆಟ್ಟಿಲು. ಸುರುಳಿ ಮೆಟ್ಟಿಲು ತೀರಾ ಕಿರಿದು, ದೊಡ್ಡ ಬ್ಯಾಗು ಹೊತ್ತು ಹತ್ತಲಾಗದು. ಗಾಳಿಮಳೆ ಜೋರಾದರೆ ಆ ದಿನ ಗೋಪುರ ರದ್ದು. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯಿರುವುದರಿಂದ ನೋಡುಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆ ಮಾತ್ರ.

ಟಿಕೆಟಿಗೆ ದುಡ್ಡಿಲ್ಲವೆ? ಸಂಜೆ ಗಾಯಕವೃಂದ ಹಾಡುವ ಇವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು, ಯಾವ ಧರ್ಮದವರೆಂದು ಕೇಳುವುದಿಲ್ಲ. ಕಾಲುಗಂಟೆ ಮೊದಲೇ ಹೋಗಿ. ತಿರುಗಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆ ಕಟ್ಟಡದಲ್ಲಿ ಗಾಯನ ಹೇಗೆ ಕೇಳಿಸುತ್ತದೆಂದು ತಿಳಿಯಲು ಮಾತ್ರ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಉಳಿದ ಹೊತ್ತಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಹಳೇ ಕೋಟೆಯ ದಿಬ್ಬದ ಮೇಲಿರುವ ಕ್ಲಿಫರ್ಡ್ಸ್ ಟವರ್‌ನ ಛಾವಣಿಯಿಂದ ಊರೆಲ್ಲ ಕಾಣುತ್ತದೆ. 1190ರಲ್ಲಿ ಆ ದಿಬ್ಬದ ಮೇಲಿದ್ದ ಮರದ ಕೋಟೆಯಲ್ಲಿ ಆಶ್ರಯ ಪಡೆದ ಯಹೂದಿಗಳು ಸತ್ತ ಕಥೆಯನ್ನು ಓದಿಕೊಂಡೇ ಹತ್ತಿ. ಯಂತ್ರಗಳ ಹುಚ್ಚಿದ್ದರೆ ನಿಲ್ದಾಣದ ಹಿಂದಿನ ನ್ಯಾಷನಲ್ ರೈಲ್ವೆ ಮ್ಯೂಸಿಯಂ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮಲ್ಲಾರ್ಡ್ ಉಗಿ ಎಂಜಿನ್ ಅಲ್ಲಿದೆ, ಪ್ರವೇಶ ಉಚಿತ. ಒಂದು ಗಂಟೆಯಲ್ಲಿ ಮುಗಿಯುವ ಜಾಗವಲ್ಲ ಅದು, ಮಧ್ಯಾಹ್ನ ಎರಡೂವರೆಯೊಳಗೆ ಒಳಗಿರಬೇಕು.

ರಾತ್ರಿ ಉಳಿಯುವವರು ಊಸ್ ನದಿದಂಡೆಯ ಕಾಲುದಾರಿಯನ್ನು ನೆಚ್ಚಿ ಹಾಸ್ಟೆಲ್ ಹಿಡಿಯುವ ಮುನ್ನ ಹವಾಮಾನ ನೋಡಿ. ಚಳಿಗಾಲದಲ್ಲಿ ನದಿ ಆಗಾಗ ಉಕ್ಕಿ ಆ ದಾರಿ ಮುಳುಗುತ್ತದೆ, ಆಗ ಮುಖ್ಯರಸ್ತೆಯಲ್ಲಿ ಸುತ್ತಿಕೊಂಡೇ ಬರಬೇಕು. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್ಟುಗಳು ಆರು ಗಂಟೆ ಹೊತ್ತು ಮಾತ್ರ ತೆರೆದಿರುತ್ತವೆ. ರಾತ್ರಿಯ ಊಟದ ಸಾಮಾನನ್ನು ಮಧ್ಯಾಹ್ನವೇ ಕೊಂಡಿಡಿ.