ಹಬ್ಬದ ಹಿಂದಿನ ರಾತ್ರಿ ಕೊಬ್ಬರಿ ಹೆಚ್ಚಬೇಡಿ

ಹಬ್ಬದ ಹಿಂದಿನ ರಾತ್ರಿ ಕೊಬ್ಬರಿ, ಬೆಲ್ಲ ಮುಂದಿಟ್ಟುಕೊಂಡು ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಕ್ರಾಂತಿ ಏನು ಹೇಳದೆ ಕೇಳದೆ ಬರುವ ಹಬ್ಬವಾ? ಮಿಕ್ಕ ಹಬ್ಬಗಳು ಕ್ಯಾಲೆಂಡರಿನಲ್ಲಿ ಹಿಂದೆ ಮುಂದೆ ಓಡಾಡುತ್ತವೆ. ಇದೊಂದು ಮಾತ್ರ ಜನವರಿ 14, ಇಲ್ಲವೇ 15. ಅಷ್ಟು ನಿಯತ್ತಾಗಿ ಬರುವ ಹಬ್ಬಕ್ಕೂ ಕೊನೇ ಗಳಿಗೆಯಲ್ಲಿ ಅಂಗಡಿಗೆ ಓಡಿ ಪ್ಯಾಕೆಟ್ ಎಳ್ಳು ತರುತ್ತಾರೆ. ತೆರೆದರೆ ಕೊಬ್ಬರಿ ಮುಗ್ಗಲು ವಾಸನೆ, ಬೆಲ್ಲ ಪಿಸಪಿಸ. ಅದನ್ನೇ ಪುಟ್ಟ ಡಬ್ಬಿಗೆ ತುಂಬಿ ಮನೆಮನೆಗೆ ಬೀರುತ್ತಾರೆ. ತಿಂದವರು ಒಳ್ಳೆ ಮಾತಾಡುವುದಾದರೂ ಹೇಗೆ?

ಈ ಹಬ್ಬ ಯಾಕೆ ಕದಲುವುದಿಲ್ಲ ಅಂತ ಮೊದಲು ತಿಳಿದುಕೊಳ್ಳಿ. ಯುಗಾದಿ, ಗೌರಿ, ದೀಪಾವಳಿ ಎಲ್ಲ ಚಂದ್ರನ ತಿಥಿ ನೋಡಿ ಬರುವ ಹಬ್ಬಗಳು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ಲೆಕ್ಕಕ್ಕಿಂತ 11 ದಿನ ಕಡಿಮೆ. ಅದಕ್ಕೇ ವರ್ಷ ವರ್ಷ ಹಿಂದೆ ಸರಿಯುತ್ತವೆ, 32-33 ತಿಂಗಳಿಗೊಮ್ಮೆ ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತವೆ. ಸಂಕ್ರಾಂತಿ ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ, ಚಂದ್ರನ ಗೊಡವೆ ಇಲ್ಲ. ಉತ್ತರಾಯಣ ಶುರು ಅಂತ ಹೇಳುತ್ತೇವೆ. ನಿಜ ಹೇಳಬೇಕಂದರೆ ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 21-22ಕ್ಕೇ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಜರುಗಿದೆ. ನಾನು ಚಿಕ್ಕವಳಿದ್ದಾಗ ಹದಿನಾಲ್ಕೇ ಜಾಸ್ತಿ. ಈಗ ಹದಿನೈದು ಬಂದರೆ ಯಾರಿಗೂ ಆಶ್ಚರ್ಯವಿಲ್ಲ.

ಅಡುಗೆ ಮನೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ಹಬ್ಬ ಯಾವ ಕಾಲದ್ದು ಅಂತ ಗೊತ್ತಿದ್ದರೆ ಯಾವ ಕೆಲಸ ಯಾವಾಗ ಮಾಡಬೇಕು ಅನ್ನುವುದು ಕೈಗೆ ತಾನಾಗೇ ಬರುತ್ತದೆ. ಇದು ಸುಗ್ಗಿ ಹಬ್ಬ. ಕಬ್ಬು, ಅವರೆಕಾಯಿ, ಕಡಲೆಕಾಯಿ ಎಲ್ಲ ಹೊಸದು. ಮಂಡ್ಯ, ಮೈಸೂರು ಕಡೆ ಆವತ್ತು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಚಳಿಗೆ ಮೈ ಒಡೆಯುವ ಕಾಲ, ಎಳ್ಳು, ಕೊಬ್ಬರಿ, ಕಡಲೆಬೀಜ ಮೂರರಲ್ಲೂ ಎಣ್ಣೆ ಅಂಶ ಇದೆ. ಜೊತೆಗೆ ಒಣ ಗಾಳಿ. ಕೊಬ್ಬರಿ, ಬೆಲ್ಲ ಒಣಗಿಸಲು ಇದಕ್ಕಿಂತ ಒಳ್ಳೆ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ.

ಆದ್ದರಿಂದ ಹಬ್ಬಕ್ಕೆ ಒಂದು ವಾರವಿದೆ ಅನ್ನುವಾಗಲೇ ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಹಾಕಿ. ಅಚ್ಚು ಬೆಲ್ಲವನ್ನೂ ಚಿಕ್ಕದಾಗಿ ಕತ್ತರಿಸಿ ಬೇರೆ ತಟ್ಟೆಯಲ್ಲಿ ಒಣಗಿಸಿ. ಗಟ್ಟಿ ಬೆಲ್ಲವೇ ಬೇಕು. ಕಡಲೆಬೀಜ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ, ಎಳ್ಳು ಚಿಟಪಟ ಅಂದ ತಕ್ಷಣ ಇಳಿಸಿ. ಹುರಿಗಡಲೆ ಬಿಸಿಲು ಕಂಡರೆ ಸಾಕು. ಅಳತೆ ಕೇಳಬೇಡಿ. ಎಳ್ಳು ಸ್ವಲ್ಪ ಹಿಡಿತದಲ್ಲಿರಲಿ, ಮಿಕ್ಕಿದ್ದು ಕಣ್ಣಿಗೆ ಸಮ ಕಂಡರೆ ಆಯಿತು. ಹುರಿದದ್ದು ಪೂರ್ತಿ ತಣ್ಣಗಾದ ಮೇಲೆ ಬೆರೆಸಬೇಕು, ಬೆಲ್ಲ ಎಲ್ಲಕ್ಕಿಂತ ಕೊನೆಗೆ. ಬೆಚ್ಚಗಿರುವ ಕಡಲೆಬೀಜದ ಮೇಲೆ ಬೆಲ್ಲ ಸುರಿದರೆ ಅದು ಬೆವರುತ್ತದೆ. ಆಮೇಲೆ ಎಳ್ಳೆಲ್ಲ ಉಂಡೆ ಉಂಡೆ.

ಇನ್ನು ಸಕ್ಕರೆ ಅಚ್ಚು. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ. ಈಗಿನವರು ಇದನ್ನು ಕೈಯಲ್ಲಿ ಆಗದ ಕೆಲಸ ಅಂತ ಬಿಟ್ಟೇಬಿಟ್ಟಿದ್ದಾರೆ. ಕೆಲವರು ಮೊಬೈಲ್ ನೋಡಿಕೊಂಡು ಮಾಡಲು ಹೋಗಿ, ಅರ್ಧ ಅಚ್ಚಿನಲ್ಲಿ ಅಂಟಿ, ಅರ್ಧ ಪುಡಿಯಾಗಿ, ಮರದ ಅಚ್ಚನ್ನೇ ದೂರುತ್ತಾರೆ. ಅಚ್ಚಿನ ತಪ್ಪಲ್ಲಮ್ಮ, ಆತುರದ ತಪ್ಪು.

ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಒಣ ಮರ ಪಾಕವನ್ನು ಹೀರಿಕೊಂಡು ಕಚ್ಚಿಹಿಡಿಯುತ್ತದೆ, ನೀರು ಕುಡಿದ ಮರ ಬಿಟ್ಟುಕೊಡುತ್ತದೆ. ಬೆಳಗ್ಗೆ ತೆಗೆದು ಚೆನ್ನಾಗಿ ಕೊಡವಿ, ಬಟ್ಟೆಯ ತುದಿಯನ್ನು ನವಿಲಿನ ಕೊಕ್ಕಿನ ಸಂದಿಗೂ ತೂರಿಸಿ ಒರೆಸಿ. ಒಳಗೆ ಒಂದು ಹನಿ ನೀರು ನಿಂತರೂ ಆ ಜಾಗದಲ್ಲಿ ಸಕ್ಕರೆ ಕರಗಿ ಗುಳಿ ಬೀಳುತ್ತದೆ. ಎರಡು ಭಾಗ ಜೋಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಆದರೂ ಆದೀತು, ಎರಡು ಸುತ್ತು ಹಾಕಿ. ಒದ್ದೆ ಬಟ್ಟೆ ಹಾಸಿದ ಮಣೆಯ ಮೇಲೆ ಬಾಯಿ ಮೇಲಾಗಿ ನಿಲ್ಲಿಸಿ.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ. ಕುದಿ ಬಂದಾಗ ಸ್ವಲ್ಪ ಹಾಲು ಬಿಡಿ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಸೌಟಿನಲ್ಲಿ ತೆಗೆದುಹಾಕಿ. ಮತ್ತೆ ಒಂದು ಚೂರು ಹಾಲು, ಮತ್ತೆ ತೆಗೆಯಿರಿ. ತಳ ಕಾಣುವಷ್ಟು ತಿಳಿಯಾಗುವವರೆಗೂ ಬಿಡಬೇಡಿ. ಕೊನೆಗೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸೋಸಿ. ಬೆಳ್ಳಗಿನ ಅಚ್ಚು ಬೇಕಾದರೆ ಇಲ್ಲಿ ಸೋಮಾರಿತನ ಕೂಡದು. ನಿಂಬೆ ರಸ ಹಿಂಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಜಾಮೂನು ಪಾಕಕ್ಕೆ ನಿಂಬೆ ಹಾಕುವುದೇ ಸಕ್ಕರೆ ಹರಳುಗಟ್ಟದಿರಲಿ ಅಂತ. ನಮಗೆ ಇಲ್ಲಿ ಬೇಕಾದದ್ದು ಹರಳುಗಟ್ಟುವುದೇ ಅಲ್ವಾ?

ಇದೇ ಹೊತ್ತಿಗೆ ಹಿತ್ತಾಳೆ ದೀಪ ತೊಳೆಯೋಣ ಅಂತ ಹುಣಸೆಹಣ್ಣಿಗೆ ಕೈ ಹಾಕಬೇಡಿ, ಆ ಹುಳಿ ಕೈಯಲ್ಲಿ ಪಾಕ ಮುಟ್ಟಿದರೂ ಕೆಡುಕೇ. ದೀಪವನ್ನು ಹಿಂದಿನ ದಿನವೇ ತೊಳೆದಿಡಿ. ಹುಣಸೆಹಣ್ಣು ಹಚ್ಚಿ ಮರೆತು ಹೋಗುವುದು ಬೇರೆ ಒಂದು ಚಾಳಿ. ಉಜ್ಜಿದ ತಕ್ಷಣ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿದರೆ ಹೊಳಪು ನಿಲ್ಲುತ್ತದೆ. ತಾನಾಗೇ ಒಣಗಲಿ ಅಂತ ಬಿಟ್ಟರೆ ಕಲೆ ಕಲೆ ಆಗುತ್ತದೆ.

ಈಗ ದಪ್ಪ ತಳದ ಪುಟ್ಟ ಪಾತ್ರೆಗೆ ಒಂದು ಸೌಟು ಪಾಕ ಹಾಕಿ. ಒಂದೇ ಸೌಟು, ಎರಡು ಮೂರು ಅಚ್ಚು ತುಂಬುವಷ್ಟು. ಎಲ್ಲರೂ ಕೆಡಿಸುವುದು ಇಲ್ಲೇ. ಒಂದೇ ಸಲ ಮುಗಿಸೋಣ ಅಂತ ಪಾತ್ರೆ ತುಂಬಾ ಕಾಯಿಸುತ್ತಾರೆ. ಮೊದಲನೇ ಅಚ್ಚಿಗೆ ಸುರಿಯುವಷ್ಟರಲ್ಲಿ ಮಿಕ್ಕಿದ್ದು ಪಾತ್ರೆಯಲ್ಲೇ ಕಲ್ಲಾಗಿರುತ್ತದೆ. ಮಧ್ಯಮ ಉರಿಯಲ್ಲಿ ಕೈ ಬಿಡದೆ ಕೈಯಾಡಿಸಿ. ಒಂದೆಳೆ ಪಾಕ ದಾಟಿ ಗುಳ್ಳೆಗಳು ದಪ್ಪವಾಗುತ್ತವೆ. ಆಗ ಸೌಟಿನ ಬೆನ್ನಿನಿಂದ ಪಾತ್ರೆಯ ಪಕ್ಕಕ್ಕೆ ಸ್ವಲ್ಪ ಪಾಕ ತಿಕ್ಕಿ ನೋಡಿ. ತಿಕ್ಕಿದ ಜಾಗ ಬೆಳ್ಳಗಾಯಿತೋ, ತಕ್ಷಣ ಇಳಿಸಿ. ಇಳಿಸಿ ಬಿರಬಿರನೆ ತಿರುಗಿಸುತ್ತಿರಿ. ತಿಳಿಯಾಗಿದ್ದ ಪಾಕ ನೋಡನೋಡುತ್ತಾ ಮಬ್ಬಾಗಿ, ಹಾಲಿನ ಹಾಗೆ ಆಗುತ್ತದೆ. ಸುರಿಯುವ ಹೊತ್ತು ಅದೇ. ಅದಕ್ಕೆ ಮೊದಲು ಸುರಿದರೆ ಅಂಟುತ್ತದೆ, ತಡ ಮಾಡಿದರೆ ಪುಡಿ. ನಮ್ಮ ಅತ್ತೆಯವರು ಕಣ್ಣಿಗಿಂತ ಕಿವಿ ನಂಬುತ್ತಿದ್ದರು. ಹರಳು ಕಟ್ಟಲು ಶುರುವಾದಾಗ ಸೌಟಿನ ಸದ್ದು ಬದಲಾಗುತ್ತದೆ, ನುಣ್ಣಗೆ ಸರಿಯುತ್ತಿದ್ದದ್ದು ಕರಕರ ಅನ್ನುತ್ತದೆ. ಅವರು ಒಲೆ ಮುಂದೆ ಕೂತಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ, ರೇಡಿಯೋ ಕೂಡ ಬಂದ್. ನಾನು ಪಕ್ಕದಲ್ಲಿ ಅಚ್ಚು ಹಿಡಿದುಕೊಂಡು ಕೂರುತ್ತಿದ್ದೆ. "ಕೇಳಿಸ್ತಾ?" ಅನ್ನುತ್ತಿದ್ದರು. ಕೆಲವು ವರ್ಷ ಕೇಳಿದ ಮೇಲೆ ನಿಜವಾಗಲೂ ಕೇಳಿಸಿತು. ಈಗಲೂ ಆ ಕರಕರ ಬಂದಾಗಲೇ ನಾನು ಸುರಿಯುವುದು.

ಸುರಿಯುವಾಗ ಧಾರೆ ಕಡಿಯಬಾರದು. ತಡೆದು ತಡೆದು ಸುರಿದರೆ ನಡುವೆ ಗೆರೆ ಬಿದ್ದು ಅಲ್ಲೇ ಮುರಿಯುತ್ತದೆ. ತುಂಬಿದ ಅಚ್ಚನ್ನು ಮಣೆಗೆ ಮೆತ್ತಗೆ ಒಂದೆರಡು ಸಲ ತಟ್ಟಿ, ಗಾಳಿ ಗುಳ್ಳೆ ಮೇಲೆ ಬರಲಿ. ಐದು ಹತ್ತು ನಿಮಿಷ ಬಿಡಿ, ಬಾಯಿಯ ಹತ್ತಿರ ಮುಟ್ಟಿದರೆ ಕಲ್ಲಾಗಿರಬೇಕು. ದಾರ ಬಿಚ್ಚಿ, ಮೇಲಿನ ಭಾಗವನ್ನು ನೇರ ಎತ್ತಿ. ತಿರುಚಬೇಡಿ, ಚಾಕು ತೂರಿಸಬೇಡಿ. ಕೆಳಗಿನ ಭಾಗದ ಬೆನ್ನಿಗೆ ಬೆರಳಿನಿಂದ ತಟ್ಟಿದರೆ ತೇರೋ, ಮೀನೋ, ಗಿಣಿಯೋ ತಾನೇ ಕಳಚಿ ಬರುತ್ತದೆ. ಅಚ್ಚನ್ನು ಮತ್ತೆ ನೀರಿಗೆ ಅದ್ದಿ, ಒರೆಸಿ, ಮುಂದಿನ ಸೌಟು. ಮುರಿದ ಚೂರು, ಪಾತ್ರೆಯಲ್ಲಿ ಅಂಟಿದ್ದು ಯಾವುದನ್ನೂ ಎಸೆಯಬೇಡಿ. ನೀರು ಹಾಕಿ ಕರಗಿಸಿ ಮತ್ತೆ ಕಾಯಿಸಿದರೆ ಅದೂ ಅಚ್ಚಾಗುತ್ತದೆ. ಮೋಡ ಕವಿದ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಆದ ಅಚ್ಚುಗಳನ್ನು ರಾತ್ರಿಯಿಡೀ ಬಟ್ಟೆಯ ಮೇಲೆ ಆರಲು ಬಿಟ್ಟು, ಕಾಗದ ಹಾಸಿದ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲಿ ಇಟ್ಟವರ ಅಚ್ಚು ಹೊರಗೆ ತೆಗೆದ ಮೇಲೆ ಬೆವತು ಮುಖವೇ ಅಳಿಸಿ ಹೋಗಿರುತ್ತದೆ.

ಮಿಕ್ಕ ಹಬ್ಬಗಳಿಗೂ ಇದೇ ಮಾತು, ಕಾಲ ನೋಡಿ ಕೆಲಸ. ಯುಗಾದಿ ಚೈತ್ರ ಶುದ್ಧ ಪಾಡ್ಯ, ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಯಾವಾಗಾದರೂ ಬರುತ್ತದೆ. ಶಾಲಿವಾಹನ ಶಕೆಯ ಲೆಕ್ಕ ಕ್ರಿ.ಶ. 78ರಿಂದ. ಪಂಚಾಂಗದ ಹೊಸ ವರ್ಷ ಆವತ್ತು. ಬೇವು ಹೂ ಬಿಡುವ ಕಾಲ ಅದು. ಒಣಗಿದ ಎಲೆಯನ್ನು ಶಾಸ್ತ್ರಕ್ಕೆ ಅಂತ ಬೆಲ್ಲದಲ್ಲಿ ಅದ್ದಿ ಕೊಡುವುದು ಯಾಕೆ? ಬೆಳಗ್ಗೆ ಹೂ ಬಿಡಿಸಿ, ಆಗಲೇ ಬೆಲ್ಲಕ್ಕೆ ಬೆರೆಸಿ. ಹೋಳಿಗೆಯ ಕಣಕ ಎಣ್ಣೆಯಲ್ಲಿ ನಾಲ್ಕೈದು ಗಂಟೆ ನೆನೆಯಲಿ, ಎಳೆದರೆ ರಬ್ಬರಿನಂತೆ ಬರಬೇಕು. ರಾಮನವಮಿಗೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ. ಬೇಸಿಗೆಗೆ ಒಪ್ಪುವುದು ಅದೇ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಹಾಕಿ ಅಂತ ಇನ್ನೂ ಎಷ್ಟು ಸಲ ಹೇಳಲಿ!

ನಾಗರ ಪಂಚಮಿಗೆ ಹೆಚ್ಚಬಾರದು, ಕರಿಯಬಾರದು, ಒಲೆಗೆ ಬಾಣಲೆ ಇಡಬಾರದು ಅಂದರೆ ಈಗಿನವರು ಮೂಢನಂಬಿಕೆ ಅನ್ನುತ್ತಾರೆ. ಶ್ರಾವಣದ ಮಳೆಗೆ ಬಿಲಕ್ಕೆ ನೀರು ನುಗ್ಗಿ ಹಾವು ಹೊರಗೆ ಬರುವ ಕಾಲ ಅದು. ರೈತರು ಆವತ್ತು ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಹೊಲದಲ್ಲಿ ನೇಗಿಲಿಗೆ ರಜೆ, ಮನೆಯಲ್ಲಿ ಈಳಿಗೆ ಮಣೆಗೆ ರಜೆ. ಆವಿಯಲ್ಲಿ ಬೇಯಿಸಿದ ಕಡುಬು, ತಂಬಿಟ್ಟು ಮಾಡಿ. ಉತ್ತರ ಕರ್ನಾಟಕದಲ್ಲಿ ಬಗೆಬಗೆ ಉಂಡಿ, ಅರಳು ಮೊದಲೇ ಮಾಡಿಟ್ಟುಕೊಂಡು ಜೋಕಾಲಿ ಆಡುತ್ತಾರೆ. ಎಷ್ಟು ಜಾಣತನ ನೋಡಿ, ಹೆಂಗಸರಿಗೂ ಆವತ್ತು ಒಲೆಯಿಂದ ಬಿಡುವು.

ಗಣೇಶನನ್ನು ಮನೆಯಲ್ಲಿ ಕೂರಿಸುವುದು ಹಳೆಯದು. ಬೀದಿಗೆ ತಂದು ಊರ ಹಬ್ಬ ಮಾಡಿ ಹರಡಿದವರು ಬಾಲಗಂಗಾಧರ ತಿಲಕರು, 1893ರಿಂದ ಮಹಾರಾಷ್ಟ್ರದಲ್ಲಿ. ಮನೆಗೆ ಅಂಗೈ ಅಗಲದ ಹಸಿ ಮಣ್ಣಿನ ಗಣಪ ಸಾಕು. ಬಕೆಟ್ ನೀರಿನಲ್ಲಿ ಬಿಟ್ಟು, ಕರಗಿದ ಮಣ್ಣನ್ನು ಗಿಡಕ್ಕೆ ಹಾಕಿ. ಬಣ್ಣ ಬಳಿದ ಪ್ಲಾಸ್ಟರ್ ಗಣಪ ಎಷ್ಟು ದಿನ ಇಟ್ಟರೂ ಕರಗುವುದಿಲ್ಲ.

ದಸರಾ ನಮ್ಮ ನಾಡಿನದೇ ದೊಡ್ಡ ಕಥೆ. ಹಂಪಿಯ ಮಹಾನವಮಿ ವೈಭವವನ್ನು ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ವಿಜಯನಗರ ಬಿದ್ದ ಮೇಲೆ ಆ ಪದ್ಧತಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮನೆಯಲ್ಲಿ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಮೇಲಿನ ಸಾಲಿನಲ್ಲಿ, ಮಿಕ್ಕಿದ್ದು ನಿಮ್ಮ ಇಷ್ಟ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಬಣ್ಣ ಕಿತ್ತು ಬರುತ್ತದೆ. ಹಳೇ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ನಡುವೆ ಒಣಗಿದ ಬೇವಿನ ಎಲೆ ಹಾಕಿ.

ದೀಪಾವಳಿ ಬಂದರೆ ಎಲ್ಲರಿಗೂ ಪಟಾಕಿಯದೇ ಧ್ಯಾನ, ನೀರು ತುಂಬುವ ಹಬ್ಬ ಯಾರಿಗೂ ನೆನಪಿಲ್ಲ. ನರಕ ಚತುರ್ದಶಿಯ ಬೆಳಗಿನ ಎಣ್ಣೆ ಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆ ತಿಕ್ಕಿ ತೊಳೆದು, ನೀರು ತುಂಬಿ, ಪೂಜೆ ಮಾಡಿ ಇಡುತ್ತಿದ್ದೆವು. ಈಗ ಗೀಸರ್ ಇದ್ದರೇನು? ಸ್ನಾನದ ಮನೆ ತೊಳೆದು, ಒಂದು ಬಿಂದಿಗೆ ನೀರಿಗಾದರೂ ಅರಿಶಿನ ಕುಂಕುಮ ಹಚ್ಚಿ. ಬಲಿಪಾಡ್ಯಮಿಯ ದಿನ ಬಲೀಂದ್ರನನ್ನು ಕರೆಯಲು ಹೊಸ್ತಿಲಿಗೆ ದೀಪ ಇಡುವಾಗ ಬತ್ತಿಯನ್ನು ಮೊದಲೇ ಎಣ್ಣೆಯಲ್ಲಿ ನೆನೆಸಿಡಿ. ಒಣ ಬತ್ತಿಗೆ ಕಡ್ಡಿ ಗೀರುತ್ತಾ ಕೂರುವ ಪಾಡು ತಪ್ಪುತ್ತದೆ. ಹಣತೆಗಳು ಹೊಸದಾದರೆ ಅವನ್ನೂ ಒಂದು ಹೊತ್ತು ನೀರಿನಲ್ಲಿ ಹಾಕಿ, ಒಣಗಿಸಿ ಆಮೇಲೆ ಎಣ್ಣೆ ಹಾಕಿ. ಇಲ್ಲವಾದರೆ ಮಣ್ಣೇ ಅರ್ಧ ಎಣ್ಣೆ ಕುಡಿದು, ಹೊಸ್ತಿಲ ಮೇಲೆ ಜಿಡ್ಡಿನ ಕಲೆ ಬಿಡುತ್ತದೆ.